ಟ್ಯಾಂಕಿನ ಒಳಗೆ ಏನಿದೆ? – ಅಳತೆಗೆ ಸರಿಯಾದ ಒಳಭಾಗ ಮಾಡುವ ಪಾಠ



ವಿಜ್ಞಾನ ವಸ್ತುಪ್ರದರ್ಶನ ಅಂದಮೇಲೆ ಒಂದಾದರೂ ಯುದ್ಧ ಟ್ಯಾಂಕ್ ಬಂದೇ ಬರುತ್ತದೆ. ರಟ್ಟಿನ ಡಬ್ಬ, ಮೇಲೊಂದು ಸಣ್ಣ ಡಬ್ಬ, ಅದಕ್ಕೊಂದು ಪೈಪು, ಹಸಿರು ಬಣ್ಣ. ನೋಡೋಕೆ ಚೆನ್ನಾಗಿಯೇ ಇರುತ್ತದೆ. ತೀರ್ಪುಗಾರರು ಬಂದು "ಒಳಗೆ ಎಷ್ಟು ಜನ ಕೂರುತ್ತಾರೆ? ಎಲ್ಲಿ ಕೂರುತ್ತಾರೆ?" ಎಂದು ಕೇಳಿದಾಗ ಮಾತ್ರ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಯಾಕೆಂದರೆ ಆ ಡಬ್ಬದ ಒಳಗೆ ಏನೂ ಇಲ್ಲ. ಹೊರಗಿನ ಆಕಾರ ಚಿತ್ರಕಲೆಯ ಕೆಲಸ. ವಿಜ್ಞಾನ ಶುರುವಾಗೋದು ಮುಚ್ಚಳ ತೆಗೆದ ಮೇಲೆ.

ಕೊಯಮತ್ತೂರಿನ ಕೊಡಿಸಿಯಾ ಮೈದಾನದಲ್ಲಿ ಕೃಷಿ ಮೇಳ ನಡೆಯುವಾಗ ಹೋಗಿದ್ದೀರಾ? ಪಂಪ್ ಮಳಿಗೆಗಳ ಮುಂದೆ ಅರ್ಧ ಸೀಳಿದ ಪಂಪ್ ಇಟ್ಟಿರುತ್ತಾರೆ. ಕತ್ತರಿಸಿದ ಅಂಚಿಗೆ ಕೆಂಪು ಬಣ್ಣ ಬಳಿದಿರುತ್ತಾರೆ. ಒಳಗಿನ ಇಂಪೆಲ್ಲರ್, ಶಾಫ್ಟ್, ಬೇರಿಂಗ್ ಎಲ್ಲ ಕಾಣುತ್ತವೆ. ರೈತರು ಹೊಳೆಯುವ ಹೊಸ ಪಂಪನ್ನು ಬಿಟ್ಟು ಇದರ ಮುಂದೆಯೇ ನಿಲ್ಲುತ್ತಾರೆ. ಇದಕ್ಕೆ 'ಕಟ್ ಸೆಕ್ಷನ್' ಮಾದರಿ ಎನ್ನುತ್ತಾರೆ, ನಮ್ಮ ಪಠ್ಯದ ಮಾತಿನಲ್ಲಿ ಸೀಳುನೋಟ. ನಿಮ್ಮ ಟ್ಯಾಂಕನ್ನೂ ಹೀಗೇ ಮಾಡಿ: ಒಂದು ಪಕ್ಕ ಪೂರ್ತಿ ಇರಲಿ, ಇನ್ನೊಂದು ಪಕ್ಕ ತೆರೆದಿರಲಿ, ಕತ್ತರಿಸಿದ ಅಂಚು ಕೆಂಪಾಗಿರಲಿ.

ಯಾವ ಟ್ಯಾಂಕು?

"ಯಾವುದೋ ಒಂದು ಟ್ಯಾಂಕ್" ಅಂತ ಮಾಡಬೇಡಿ. ಹೆಸರಿರುವ ಒಂದನ್ನು ಆರಿಸಿಕೊಳ್ಳಿ, ಆಗ ಅಳತೆ ಸಿಗುತ್ತದೆ. ಕೊಯಮತ್ತೂರು, ತಿರುಪ್ಪೂರಿನಿಂದ ಚೆನ್ನೈಗೆ ರೈಲಿನಲ್ಲಿ ಹೋದವರು ಅರಕ್ಕೋಣಂ ದಾಟಿದ ಮೇಲೆ ಆವಡಿ ನಿಲ್ದಾಣವನ್ನು ನೋಡಿರುತ್ತೀರಿ. ಭಾರತದಲ್ಲಿ ಮೊದಲು ತಯಾರಾದ ಯುದ್ಧ ಟ್ಯಾಂಕು 'ವಿಜಯಂತ' ಬಂದದ್ದು ಅಲ್ಲಿನ ಭಾರೀ ವಾಹನಗಳ ಕಾರ್ಖಾನೆಯಿಂದ. ಬ್ರಿಟನ್ನಿನ ವಿಕರ್ಸ್ ಕಂಪನಿಯ ವಿನ್ಯಾಸ. 1960ರ ದಶಕದ ಮಧ್ಯದಿಂದ ನಮ್ಮ ಸೇನೆಯಲ್ಲಿತ್ತು, 1971ರ ಯುದ್ಧದಲ್ಲೂ ಭಾಗವಹಿಸಿತು. ಈಗ ನಿವೃತ್ತಿಯಾಗಿದೆ. ಮಹಾರಾಷ್ಟ್ರದ ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರ) ಟ್ಯಾಂಕ್ ವಸ್ತುಸಂಗ್ರಹಾಲಯದಲ್ಲಿ ನೋಡಲು ಸಿಗುತ್ತದೆ. ಹಳೆಯದಾದ್ದರಿಂದ ಇದರ ವಿವರಗಳು ಪುಸ್ತಕಗಳಲ್ಲಿ ಮುಚ್ಚುಮರೆಯಿಲ್ಲದೆ ಸಿಗುತ್ತವೆ. ನಮಗೆ ಅದೇ ಅನುಕೂಲ.

ಅಳತೆ ಬರೆದುಕೊಳ್ಳಿ. ತೋಪಿನ ತುದಿಯವರೆಗೆ ಉದ್ದ ಸುಮಾರು 9.79 ಮೀಟರ್, ಅಗಲ 3.17 ಮೀಟರ್, ಎತ್ತರ 2.71 ಮೀಟರ್. ತೂಕ ಸುಮಾರು 39 ಟನ್. ತೋಪಿನ ಬಾಯಿಯ ವ್ಯಾಸ 105 ಮಿ.ಮೀ. ಮುಂಭಾಗದ ಕವಚದ ಗರಿಷ್ಠ ದಪ್ಪ 80 ಮಿ.ಮೀ. ಒಳಗೆ ನಾಲ್ಕು ಜನ.

ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಟ್ಯಾಂಕ್ ಮಾದರಿಗಳ ಪ್ರಮಾಣ ಸಾಮಾನ್ಯವಾಗಿ 1:35. ಈ 35 ಎಲ್ಲಿಂದ ಬಂತು ಗೊತ್ತಾ? ಯಾವ ಗಣಿತದ ಕಾರಣವೂ ಅಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿ ಮೋಟಾರಿನಿಂದ ಓಡುವ ಒಂದು ಜರ್ಮನ್ ಟ್ಯಾಂಕಿನ ಆಟಿಕೆ ಮಾಡಿತು. ಒಳಗೆ ಎರಡು ಬ್ಯಾಟರಿ ಸೆಲ್ ಕೂರುವಷ್ಟು ಜಾಗ ಬೇಕಿತ್ತು, ಅದಕ್ಕೆ ತಕ್ಕಂತೆ ಗಾತ್ರ ಇಟ್ಟರು. ಆಮೇಲೆ ಅಳೆದು ನೋಡಿದರೆ ನಿಜವಾದ ಟ್ಯಾಂಕಿನ ಸುಮಾರು 35ನೇ ಒಂದು ಭಾಗ ಇತ್ತು! ಅದೇ ರೂಢಿಯಾಗಿ ಜಗತ್ತಿಗೆಲ್ಲ ಹಬ್ಬಿತು. ಅಂದರೆ ಒಳಗೆ ಏನು ಕೂರಬೇಕು ಅನ್ನೋದೇ ಹೊರಗಿನ ಗಾತ್ರವನ್ನು ತೀರ್ಮಾನಿಸಿತು. ನಿಜವಾದ ಟ್ಯಾಂಕಿನಲ್ಲೂ ಹಾಗೆಯೇ, ಮುಂದೆ ನೋಡೋಣ.

ನಾವು ರಟ್ಟಿನಲ್ಲಿ ಮಾಡುವುದರಿಂದ 1:35 ತೀರಾ ಚಿಕ್ಕದು, ಬೆರಳು ಹೋಗುವುದಿಲ್ಲ. 1:20 ಇಟ್ಟುಕೊಳ್ಳಿ. ಎಲ್ಲ ಅಳತೆಯನ್ನೂ 20ರಿಂದ ಭಾಗಿಸಿದರೆ ಸಾಕು. ಉದ್ದ 49 ಸೆಂ.ಮೀ., ಅಗಲ ಸುಮಾರು 16 ಸೆಂ.ಮೀ., ಎತ್ತರ 13.5 ಸೆಂ.ಮೀ. ತೋಪಿನ ಬಾಯಿ ಐದು ಮಿ.ಮೀ.ಗಿಂತ ಚೂರು ಹೆಚ್ಚು. ತೋಪಿನ ನಳಿಗೆಯ ಉದ್ದ ಅದರ ವ್ಯಾಸದ 52 ಪಟ್ಟು, ಅಂದರೆ 5.46 ಮೀಟರ್, ನಮ್ಮ ಮಾದರಿಯಲ್ಲಿ 27 ಸೆಂ.ಮೀ. ಐದು ಮಿ.ಮೀ. ದಪ್ಪದ ಕಡ್ಡಿಗೆ ಅಂಟು ಹಚ್ಚಿದ ಕಾಗದ ಸುತ್ತಿ, ಒಣಗಿದ ಮೇಲೆ ಕಡ್ಡಿ ಎಳೆದರೆ ನಳಿಗೆ ಸಿದ್ಧ.

ಗೋಡೆಗೆ ರಟ್ಟು ಬೇಕಲ್ಲ, ತಿರುಪ್ಪೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಬನಿಯನ್ ಕಂಪನಿಯ ಪೆಟ್ಟಿಗೆಗಳು ಬೀದಿಯಲ್ಲೇ ಬಿದ್ದಿರುತ್ತವೆ. 80 ಮಿ.ಮೀ. ಕವಚ ನಮ್ಮ ಮಾದರಿಯಲ್ಲಿ 4 ಮಿ.ಮೀ. ಪೆಟ್ಟಿಗೆಯ ರಟ್ಟು ಹೆಚ್ಚುಕಡಿಮೆ ಅಷ್ಟೇ ದಪ್ಪ ಇರುತ್ತದೆ. ಅದನ್ನು ಮುಂಭಾಗಕ್ಕೆ ಮಾತ್ರ ಹಾಕಿ. ಪಕ್ಕ, ಹಿಂಭಾಗದ ಕವಚ ತುಂಬ ತೆಳು, ಅಲ್ಲಿ ನೋಟ್‌ಪುಸ್ತಕದ ಹೊದಿಕೆಯ ರಟ್ಟು ಹಾಕಿ. ಸೀಳುನೋಟದ ಕೆಂಪು ಅಂಚು ಮುಂದೆ ದಪ್ಪ, ಹಿಂದೆ ತೆಳು ಎಂದು ಕಾಣಬೇಕು. ಎಲ್ಲ ಕಡೆಯೂ ದಪ್ಪ ಉಕ್ಕು ಹಾಕಿದ್ದರೆ ತೂಕ ಎಷ್ಟಾಗುತ್ತಿತ್ತು, ಆ ತೂಕವನ್ನು ಯಾವ ಎಂಜಿನ್ ಎಳೆಯುತ್ತಿತ್ತು ಎಂದು ಯೋಚಿಸಿದರೆ ಕಾರಣ ತಾನೇ ಹೊಳೆಯುತ್ತದೆ. ಥರ್ಮಕೋಲ್ ಮಾತ್ರ ಬೇಡ. ಎರಡು ಸೆಂ.ಮೀ. ಥರ್ಮಕೋಲ್ ಗೋಡೆ ಅಂದರೆ ನಿಜದಲ್ಲಿ 40 ಸೆಂ.ಮೀ. ಉಕ್ಕು. ಅಂಥ ಟ್ಯಾಂಕು ಇದಲ್ಲ.

ಎಲ್ಲರೂ ಎಡವುವ ಜಾಗ

ಹೊರ ಅಗಲ 16 ಸೆಂ.ಮೀ. ಎಂದರೆ ಒಳಗೂ ಸುಮಾರು 15 ಸಿಗುತ್ತದೆ ಅಂದುಕೊಳ್ಳುತ್ತೀರಿ. ಸಿಗೋದಿಲ್ಲ! ಆ 3.17 ಮೀಟರಿನಲ್ಲಿ ಎರಡೂ ಪಕ್ಕದ ಸರಪಳಿ ಪಟ್ಟಿಗಳು ಸೇರಿವೆ. ಒಂದೊಂದು ಪಟ್ಟಿಯ ಅಗಲ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು. ಎರಡನ್ನೂ ಕಳೆಯಿರಿ, ಪಟ್ಟಿಗೂ ಗೋಡೆಗೂ ನಡುವಿನ ಸಂದು ಕಳೆಯಿರಿ, ಗೋಡೆಯ ದಪ್ಪ ಕಳೆಯಿರಿ. ಉಳಿಯುವುದು ಸುಮಾರು 2 ಮೀಟರ್. ಮಾದರಿಯಲ್ಲಿ 10 ಸೆಂ.ಮೀ. ಮನೆಯ ಮಂಚದ ಉದ್ದದಷ್ಟು ಅಗಲ, ಅಷ್ಟೇ. ಅದರಲ್ಲೇ ಮನುಷ್ಯ, ಮದ್ದುಗುಂಡು, ಯಂತ್ರ ಎಲ್ಲ ಹಿಡಿಸಬೇಕು.

ಅದಕ್ಕೇ ಮೊದಲು ಮಾಡಬೇಕಾದದ್ದು ಕುರ್ಚಿಯಲ್ಲ, ಬೊಂಬೆ. 165 ಸೆಂ.ಮೀ. ಎತ್ತರದ ಮನುಷ್ಯ ನಮ್ಮ ಪ್ರಮಾಣದಲ್ಲಿ 8.25 ಸೆಂ.ಮೀ. ಭುಜದ ಅಗಲ 45 ಸೆಂ.ಮೀ. ಎಂದರೆ 2.25 ಸೆಂ.ಮೀ. ಸೊಂಟ, ಮೊಣಕಾಲು ಮಡಚುವ ಹಾಗೆ ದಪ್ಪ ಕಾಗದದಲ್ಲಿ ನಾಲ್ಕು ಬೊಂಬೆ ಕತ್ತರಿಸಿ, ಕೀಲಿಗೆ ದಾರ ಕಟ್ಟಿ. ಇವೇ ನಿಮ್ಮ ಅಳತೆಕೋಲು. ಬಾಗಿಲಿನಲ್ಲಿ ಬೊಂಬೆ ಇಳಿಯದಿದ್ದರೆ ಬಾಗಿಲು ತಪ್ಪು. ಕೂತಾಗ ತಲೆ ಚಾವಣಿಗೆ ಬಡಿದರೆ ಆಸನ ತಪ್ಪು. ಫೋಟೋದಲ್ಲಿ ಅಳತೆ ಇಲ್ಲದ ವಸ್ತು ಕಂಡಾಗಲೂ ಪಕ್ಕದಲ್ಲಿರುವ ಮನುಷ್ಯನ ಕೈ, ತಲೆ ನೋಡಿ ಅನುಪಾತ ಲೆಕ್ಕ ಹಾಕಬಹುದು.

ಈಗ ಕೂರಿಸೋಣ. ಚಾಲಕ ಮುಂದೆ, ಬಲಗಡೆ. ಉಳಿದ ಮೂವರು ಟರೆಟ್‌ನಲ್ಲಿ, ಅಂದರೆ ಮೇಲೆ ತಿರುಗುವ ಗೋಪುರದಲ್ಲಿ. ತೋಪಿನ ಬಲಗಡೆ ಮುಂದೆ ಗನ್ನರ್, ಅವನ ಬೆನ್ನ ಹಿಂದೆ ಕಮಾಂಡರ್. ತೋಪಿನ ಎಡಗಡೆ ಒಬ್ಬನೇ ಲೋಡರ್, ಗುಂಡು ತುಂಬುವವನು. ಅವನೊಬ್ಬನಿಗೆ ಅಷ್ಟು ಜಾಗ ಯಾಕೆ? ಅವನೊಬ್ಬನೇ ಕೈಕಾಲು ಆಡಿಸಿ ಭಾರ ಎತ್ತಬೇಕಾದವನು.

ಇನ್ನು ಗುಂಡುಗಳು. 105 ಮಿ.ಮೀ. ತೋಪಿನ ಮದ್ದಿನ ಕೊಪ್ಪರಿಗೆಯ ಉದ್ದ 617 ಮಿ.ಮೀ. ಮುಂದಿನ ಗುಂಡೂ ಸೇರಿದರೆ ಒಂದು ಮೀಟರಿಗೆ ಸ್ವಲ್ಪ ಕಡಿಮೆ. ಕೊಪ್ಪರಿಗೆ ಗುಂಡಿಗಿಂತ ದಪ್ಪ. ನಮ್ಮ ಪ್ರಮಾಣದಲ್ಲಿ ಇದಕ್ಕೆ ಸರಿಹೊಂದುವ ವಸ್ತು ನಿಮ್ಮ ಚೀಲದಲ್ಲೇ ಇದೆ: ಪೆನ್ಸಿಲ್. ನಾಲ್ಕೂವರೆ ಸೆಂ.ಮೀ. ತುಂಡು ಮಾಡಿ, ಒಂದು ತುದಿ ಹೆರೆಯಿರಿ. ವಿಜಯಂತದಲ್ಲಿ ಇಂಥವು 44 ಇರುತ್ತಿದ್ದವು. ಶಾಲೆಯಲ್ಲಿ ಬಿಸಾಡಿದ ಗಿಡ್ಡ ಪೆನ್ಸಿಲ್‌ಗಳನ್ನು ಒಂದು ವಾರ ಕೂಡಿಸಿದರೆ ಸಾಕು.

ಈಗ 44 ತುಂಡುಗಳನ್ನೂ ನಾಲ್ಕು ಬೊಂಬೆಗಳ ಜೊತೆ ಆ 10 ಸೆಂ.ಮೀ. ಅಗಲದ ಒಡಲಿನಲ್ಲಿ ಜೋಡಿಸಿ ನೋಡಿ. ಹತ್ತು ನಿಮಿಷ ಪ್ರಯತ್ನಪಟ್ಟ ಮೇಲೆ ನಿಮಗೇ ಅನಿಸುತ್ತದೆ, ಚಾಲಕನ ಎಡಕ್ಕೆ ಖಾಲಿ ಜಾಗ ಇದೆಯಲ್ಲ, ಅಲ್ಲಿ ಜೋಡಿಸೋಣ ಅಂತ. ವಿಕರ್ಸ್ ಎಂಜಿನಿಯರುಗಳೂ ಅದನ್ನೇ ಮಾಡಿದರು. ಹೆಚ್ಚಿನ ಪಾಲು ಗುಂಡುಗಳು ಚಾಲಕನ ಎಡಪಕ್ಕದಲ್ಲಿ, ಉಳಿದವು ಟರೆಟ್ ಕಡೆ, ಲೋಡರ್‌ನ ಕೈಗೆ ಸಿಗುವಂತೆ. ಚಿತ್ರ ನೋಡಿ ನಕಲು ಮಾಡಿದ್ದರೆ ಇದು ಬರೀ ಒಂದು ವಿವರ ಆಗಿರುತ್ತಿತ್ತು. ಜೋಡಿಸಿ ನೋಡಿದ್ದರಿಂದ ಕಾರಣ ಗೊತ್ತಾಯಿತು.

ಇದರ ಇನ್ನೊಂದು ಮುಖವೂ ಇದೆ. ಚಾಲಕ ದಿನವಿಡೀ ಮದ್ದಿನ ಪಕ್ಕದಲ್ಲೇ ಕೂತಿರುತ್ತಾನೆ. ಕವಚ ತೂತಾಗಿ ಒಳಗೆ ಬೆಂಕಿ ಬಿದ್ದರೆ ಹೊರಬರಲು ಸಿಗುವ ಸಮಯ ತೀರಾ ಕಡಿಮೆ. 1971ರ ಡಿಸೆಂಬರ್ 16ರಂದು ಬಸಂತರ್ ಕದನದಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಅವರ ಟ್ಯಾಂಕಿಗೆ ಪೆಟ್ಟು ಬಿದ್ದು ಬೆಂಕಿ ಹತ್ತಿತು. ಬಿಟ್ಟು ಬರಲು ಆದೇಶ ಬಂದರೂ, ತೋಪು ಇನ್ನೂ ಕೆಲಸ ಮಾಡುತ್ತಿದೆ ಎಂದು ಅವರು ಒಳಗೇ ಉಳಿದು ಹೋರಾಡಿದರು. ಮುಂದಿನ ಪೆಟ್ಟಿನಲ್ಲಿ ಪ್ರಾಣ ಬಿಟ್ಟರು. ವಯಸ್ಸು 21. ಮರಣೋತ್ತರ ಪರಮವೀರ ಚಕ್ರ ಬಂತು. ಅವರದು ವಿಜಯಂತ ಅಲ್ಲ, ಸೆಂಚುರಿಯನ್. ಆದರೆ ಅದರಲ್ಲೂ ಹೀಗೆಯೇ ನಾಲ್ಕು ಜನ, ಹೀಗೆಯೇ ಇಕ್ಕಟ್ಟು. ಆಮೇಲೆ ಬಂದ ಅಮೆರಿಕದ ಅಬ್ರಾಮ್ಸ್ ಟ್ಯಾಂಕಿನಲ್ಲಿ ಗುಂಡುಗಳನ್ನು ಟರೆಟ್‌ನ ಹಿಂಭಾಗದ ಬೇರೆ ಕೋಣೆಯಲ್ಲಿಟ್ಟು, ನಡುವೆ ಉಕ್ಕಿನ ಬಾಗಿಲು ಹಾಕಿದರು. ಸ್ಫೋಟವಾದರೆ ಕೋಣೆಯ ಚಾವಣಿ ಮೇಲಕ್ಕೆ ಹಾರಿ ಒತ್ತಡ ಹೊರಗೆ ಹೋಗಬೇಕು, ಜನರ ಕಡೆ ಬರಬಾರದು. ನಿಮ್ಮ ಪೆನ್ಸಿಲ್ ತುಂಡುಗಳನ್ನು ಎಲ್ಲಿಡುತ್ತೀರಿ ಅನ್ನೋದು ಅಲಂಕಾರದ ಪ್ರಶ್ನೆ ಅಲ್ಲ, ಗೊತ್ತಾಯಿತಲ್ಲ.

ತೋಪಿನ ಹಿಂದೆ ಖಾಲಿ ಬಿಡಿ

ಸಂವೇಗ ಸಂರಕ್ಷಣೆ ನೆನಪಿದೆಯಾ? ಸುಮಾರು 6 ಕೆ.ಜಿ. ಗುಂಡು ಸೆಕೆಂಡಿಗೆ ಸುಮಾರು 1470 ಮೀಟರ್ ವೇಗದಲ್ಲಿ ಮುಂದೆ ಹೋಗುತ್ತದೆ. ಸಂವೇಗ 6 × 1470 = 8820 ಕೆ.ಜಿ. ಮೀ./ಸೆ. ತೋಪಿನ ರಾಶಿ ಸುಮಾರು 1300 ಕೆ.ಜಿ. ಹಾಗಾದರೆ ತೋಪು ಹಿಂದಕ್ಕೆ ಬರುವ ವೇಗ 8820 ÷ 1300, ಅಂದರೆ ಸೆಕೆಂಡಿಗೆ 6.8 ಮೀಟರ್. ಸೈಕಲ್ಲನ್ನು ಜೋರಾಗಿ ತುಳಿದಷ್ಟು ವೇಗ, ಆದರೆ ಬರುತ್ತಿರುವುದು ಒಂದು ಟನ್ನಿಗೂ ಮೀರಿದ ಉಕ್ಕು. ಅದನ್ನು ಸುಮಾರು 28 ಸೆಂ.ಮೀ. ದೂರದಲ್ಲಿ ನಿಲ್ಲಿಸಬೇಕು. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ ವೇಗೋತ್ಕರ್ಷ: 46.24 ÷ 0.56 = 82.6 ಮೀ./ಸೆ². ಬಲ = 1300 × 82.6, ಸುಮಾರು 1,07,000 ನ್ಯೂಟನ್. ಹನ್ನೊಂದು ಟನ್ ತೂಕ ಒತ್ತಿದ ಹಾಗೆ. ಮದ್ದಿನ ಅನಿಲದ ಸಂವೇಗವನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಆದ್ದರಿಂದ ನಿಜವಾದ ಬಲ ಇನ್ನೂ ಹೆಚ್ಚು. ಇದನ್ನು ತಡೆಯುವುದು ತೋಪಿಗೆ ಜೋಡಿಸಿದ ಎಣ್ಣೆಯ ಸಿಲಿಂಡರುಗಳು, ಬೈಕಿನ ಶಾಕ್ ಅಬ್ಸಾರ್ಬರ್‌ನ ಅಣ್ಣ ಅನ್ನಿ.

ಮಾದರಿಯಲ್ಲಿ ಈ 28 ಸೆಂ.ಮೀ. ಅಂದರೆ 1.4 ಸೆಂ.ಮೀ. ತೋಪಿನ ಹಿಂಬದಿಗೆ ಅಷ್ಟು ಜಾಗ ಖಾಲಿ ಇರಲೇಬೇಕು. ಗನ್ನರ್, ಕಮಾಂಡರ್ ಕಡೆಗೆ ಒಂದು ತಡೆಗೋಡೆಯೂ ಬೇಕು. ಪ್ಲಾಸ್ಟಿಕ್ ಮಾದರಿ ಮಾಡುವ ದೊಡ್ಡವರೂ ಕೆಲವರು ರೇಡಿಯೋ, ಪೆಟ್ಟಿಗೆ, ನೀರಿನ ಕ್ಯಾನು ಅಂತ ಆ ಜಾಗಕ್ಕೆ ತುಂಬಿಸಿಬಿಡುತ್ತಾರೆ. ನೋಡಲು ಸಮೃದ್ಧವಾಗಿರುತ್ತದೆ, ಆದರೆ ಮೊದಲ ಗುಂಡಿಗೇ ಎಲ್ಲ ಪುಡಿ.

ತೋಪು ಒಂದು ಸನ್ನೆ ಕೂಡ ಹೌದು. ಮೂತಿ ಮೇಲೆ ಹೋದರೆ ಹಿಂಬದಿ ಕೆಳಗೆ ಇಳಿಯುತ್ತದೆ. ಆನಿಕೆಯ ಹಿಂದೆ ಒಂದು ಮೀಟರ್ ಉದ್ದ ಇದೆ ಎಂದುಕೊಳ್ಳಿ. 20 ಡಿಗ್ರಿ ಎತ್ತಿದರೆ ಹಿಂಬದಿ ಸುಮಾರು 34 ಸೆಂ.ಮೀ. ಇಳಿಯುತ್ತದೆ. ಹತ್ತನೆಯವರು ಸೈನ್ ಕೋಷ್ಟಕ ತೆಗೆದು ನೋಡಿ. ಆದ್ದರಿಂದ ತೋಪನ್ನು ಅಂಟಿಸಿಬಿಡಬೇಡಿ, ಗುಂಡುಪಿನ್ನಿನ ಮೇಲೆ ಆಡುವಂತಿರಲಿ. ಎತ್ತಿ, ಇಳಿಸಿ, ಏನಕ್ಕೆ ತಾಗುತ್ತದೆ ನೋಡಿ. ತಾಗಿದ್ದು ತಪ್ಪು ಜಾಗದಲ್ಲಿದೆ.

ತಿರುಗುವುದು, ಕರೆಂಟು

ಟರೆಟ್ ಒಂದು ದೊಡ್ಡ ಬೇರಿಂಗ್ ಉಂಗುರದ ಮೇಲೆ ಕೂತಿರುತ್ತದೆ. ಕೊಯಮತ್ತೂರಿನಲ್ಲಿ ಸವೆದ ಬಾಲ್ ಬೇರಿಂಗ್ ಸಿಗದ ಬೀದಿ ಇದೆಯೇ? ಮೋಟಾರ್ ರಿಪೇರಿ ಅಂಗಡಿಯಲ್ಲಿ ಕೇಳಿ. ಒಳ ಉಂಗುರಕ್ಕೆ ಟರೆಟ್, ಹೊರ ಉಂಗುರಕ್ಕೆ ಒಡಲು ಅಂಟಿಸಿದರೆ ಮೆತ್ತಗೆ ತಿರುಗುತ್ತದೆ. ಗನ್ನರ್, ಕಮಾಂಡರ್ ಆಸನಗಳನ್ನು ಟರೆಟ್‌ಗೇ ಜೋಡಿಸಿ, ನೆಲಕ್ಕಲ್ಲ. ತೋಪು ತಿರುಗಿದಾಗ ಅವರೂ ತಿರುಗಬೇಕು. ಚಾಲಕ ಮಾತ್ರ ಇದ್ದಲ್ಲೇ ಇರುತ್ತಾನೆ.

ಒಳಗೆ ಒಂದು ಎಲ್‌ಇಡಿ ಹಾಕುವ ಆಸೆ ನಿಮಗಿದ್ದೇ ಇರುತ್ತದೆ. ಹಾಕಿ. ಆದರೆ ಬ್ಯಾಟರಿ ಕೆಳಗೆ ಒಡಲಿನಲ್ಲಿ, ದೀಪ ಮೇಲೆ ಟರೆಟ್‌ನಲ್ಲಿ. ನಾಲ್ಕು ಸುತ್ತು ತಿರುಗಿಸಿದರೆ ತಂತಿ ತಿರುಚಿ ಕಿತ್ತುಹೋಗುತ್ತದೆ. ನಿಜವಾದ ಟ್ಯಾಂಕಿಗೂ ಇದೇ ಸಮಸ್ಯೆ. ಪರಿಹಾರ: ಎಸಿ ಜನರೇಟರಿನ ಸ್ಲಿಪ್ ರಿಂಗ್, ಅಂದರೆ ಜಾರು ಉಂಗುರ. ನೂಲಿನ ಕೋನ್‌ಗೆ ಬಳಸುವ ಕಾಗದದ ಕೊಳವೆಯ ಒಂದು ತುಂಡಿಗೆ ಎರಡು ಕಡೆ ತಾಮ್ರದ ತಂತಿ ಒತ್ತಾಗಿ ಸುತ್ತಿ. ರಿವೈಂಡಿಂಗ್ ಅಂಗಡಿಯ ತಂತಿಯಾದರೆ ಮೇಲಿನ ಎನಾಮಲ್ ಉಜ್ಜಿ ತೆಗೆಯಲೇಬೇಕು, ಇಲ್ಲದಿದ್ದರೆ ಕರೆಂಟು ಹರಿಯೋದಿಲ್ಲ. ಕೊಳವೆ ಟರೆಟ್ ಜೊತೆ ತಿರುಗಲಿ, ಒಡಲಿನಿಂದ ಬಂದ ಎರಡು ಹಿತ್ತಾಳೆ ಪಟ್ಟಿಗಳು ಉಂಗುರಗಳಿಗೆ ಸವರುತ್ತಿರಲಿ. ಎಷ್ಟು ಸುತ್ತು ತಿರುಗಿಸಿದರೂ ದೀಪ ಆರುವುದಿಲ್ಲ. ಇಷ್ಟೊಂದನ್ನೇ ಮಾಡಿದರೂ ನಿಮ್ಮ ಮಾದರಿ ಉಳಿದವುಗಳಿಗಿಂತ ಮೇಲು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಹಿಂಭಾಗದಲ್ಲಿ, ಅಡ್ಡಗೋಡೆಯ ಆಚೆ, ಎಂಜಿನ್. ಲೇಲ್ಯಾಂಡ್ ಎಲ್60, 535 ಅಶ್ವಶಕ್ತಿ. ತೋಟದ 5 ಹೆಚ್.ಪಿ. ಮೋಟಾರು 107 ಸೇರಿದಷ್ಟು. ಇದರ ವಿಶೇಷ ಏನೆಂದರೆ ಆರು ಸಿಲಿಂಡರ್, ಆದರೆ ಹನ್ನೆರಡು ಪಿಸ್ಟನ್! ಒಂದೇ ಸಿಲಿಂಡರಿನಲ್ಲಿ ಮೇಲಿಂದ ಒಂದು, ಕೆಳಗಿನಿಂದ ಒಂದು ಪಿಸ್ಟನ್ ಎದುರುಬದುರಾಗಿ ಬಂದು ನಡುವೆ ಗಾಳಿಯನ್ನು ಅದುಮುತ್ತವೆ. ಹೀಗಾಗಿ ಸಿಲಿಂಡರ್ ಹೆಡ್ ಇಲ್ಲ, ಕ್ರ್ಯಾಂಕ್ ಶಾಫ್ಟ್ ಮಾತ್ರ ಎರಡು. ಸೀಳುನೋಟದಲ್ಲಿ ಒಂದು ಸಿಲಿಂಡರನ್ನಾದರೂ ತೆರೆದು ತೋರಿಸಿ.

ಬಣ್ಣದ ಬಗ್ಗೆ ಒಂದು ಮಾತು. ಒಳಗೆಲ್ಲ ಹಸಿರು ಬಳಿಯಬೇಡಿ. ಕಿಟಕಿಯಿಲ್ಲದ ಉಕ್ಕಿನ ಕೋಣೆಯಲ್ಲಿ ಸಣ್ಣ ದೀಪದ ಬೆಳಕೇ ಗತಿ. ಗಾಢ ಬಣ್ಣ ಅದನ್ನು ಹೀರುತ್ತದೆ, ತಿಳಿ ಬಣ್ಣ ಚದುರಿಸಿ ಮೂಲೆಮೂಲೆಗೂ ಹರಡುತ್ತದೆ. ಅದಕ್ಕೇ ಹೆಚ್ಚಿನ ದೇಶಗಳ ಟ್ಯಾಂಕುಗಳ ಒಳಗೆ ಬಿಳಿ ಅಥವಾ ತಿಳಿ ಬಣ್ಣ. ಮುಚ್ಚಳದ ಒಳಮೈಗೆ ಮಾತ್ರ ಎಷ್ಟೋ ಟ್ಯಾಂಕುಗಳಲ್ಲಿ ಹೊರಗಿನ ಬಣ್ಣವನ್ನೇ ಹಚ್ಚುತ್ತಿದ್ದರು. ತೆರೆದಾಗ ಬಿಳಿ ತಟ್ಟೆಯಂತೆ ದೂರಕ್ಕೆ ಕಾಣಬಾರದಲ್ಲ!

ಗೊತ್ತಿಲ್ಲದ ಜಾಗಕ್ಕೆ ಬೂದು ಬಣ್ಣ

ಎಷ್ಟೇ ಹುಡುಕಿದರೂ ಕೆಲವು ಮೂಲೆಗಳ ಫೋಟೋ ಸಿಗುವುದಿಲ್ಲ. ಆಗ ಇನ್ಯಾವುದೋ ಟ್ಯಾಂಕಿನ ಸ್ವಿಚ್‌ಬೋರ್ಡ್ ತಂದು ಅಂಟಿಸುವ ಆಸೆ ಬರುತ್ತದೆ. ಬೇಡ. ವಿಜ್ಞಾನದಲ್ಲಿ ಮಾದರಿ ಅಂದರೆ ಒಂದು ಹೇಳಿಕೆ, "ಇದು ಹೀಗಿದೆ" ಎಂದು ಕೈಯಲ್ಲಿ ಹೇಳಿದ ಹಾಗೆ. ಖಚಿತವಾಗಿ ತಿಳಿದದ್ದಕ್ಕೆ ಅದರದೇ ಬಣ್ಣ ಕೊಡಿ. ಊಹಿಸಿದ್ದಕ್ಕೆ ಬೂದು ಬಣ್ಣ ಕೊಡಿ. ಏನೂ ತಿಳಿಯದ ಜಾಗ ಖಾಲಿ ಇರಲಿ. ಪಕ್ಕದ ಚೀಟಿಯಲ್ಲಿ "ಬೂದು ಬಣ್ಣದ ಭಾಗಗಳು ನಮ್ಮ ಊಹೆ, ಕಾರಣ ಕೇಳಿದರೆ ಹೇಳುತ್ತೇವೆ" ಎಂದು ಬರೆಯಿರಿ. ಇದರಿಂದ ಅಂಕ ಕಡಿಮೆಯಾಗುತ್ತದೆ ಎಂದು ಹೆದರಬೇಡಿ. ಒಳ್ಳೆಯ ತೀರ್ಪುಗಾರರು ಮೊದಲು ಆ ಬೂದು ಭಾಗದ ಮೇಲೇ ಪ್ರಶ್ನೆ ಕೇಳುತ್ತಾರೆ, ಅದಕ್ಕೆ ನೀವು ಆಗಲೇ ಸಿದ್ಧರಾಗಿರುತ್ತೀರಿ.

ಮಾದರಿ ಮುಗಿದ ಮೇಲೆ ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡಿ. ಉದ್ದ 20ರಲ್ಲಿ ಒಂದು ಭಾಗವಾದರೆ ಘನಫಲ 20 × 20 × 20, ಅಂದರೆ 8000ದಲ್ಲಿ ಒಂದು ಭಾಗ. 39,000 ಕೆ.ಜಿ.ಯನ್ನು 8000ದಿಂದ ಭಾಗಿಸಿದರೆ 4.9 ಕೆ.ಜಿ. ನಿಮ್ಮದು ಅಷ್ಟು ತೂಗುವುದಿಲ್ಲ. ಯಾಕೆ ಎಂದು ಸಾಂದ್ರತೆಯ ಪಾಠ ನೋಡಿ ಬರೆಯಿರಿ. ಇನ್ನೆರಡು ಲೆಕ್ಕ: ಮಾದರಿಗೆ ಬಣ್ಣ ಬಳಿಯಲು 50 ಮಿ.ಲೀ. ಬೇಕಾಯಿತು ಎಂದುಕೊಂಡರೆ, ಅಷ್ಟೇ ದಪ್ಪದ ಲೇಪಕ್ಕೆ ನಿಜವಾದ ಟ್ಯಾಂಕಿಗೆ ಎಷ್ಟು ಲೀಟರ್ ಬೇಕು? ಮತ್ತು 535 ಅಶ್ವಶಕ್ತಿಯನ್ನು 39 ಟನ್ನಿಗೆ ಹಂಚಿ, ನಿಮ್ಮ ಮನೆಯ ಬೈಕಿನ ಅಶ್ವಶಕ್ತಿಯನ್ನು ಅದರ ತೂಕಕ್ಕೆ ಹಂಚಿ. ಒಂದು ಟನ್ನಿಗೆ ಯಾವುದಕ್ಕೆ ಹೆಚ್ಚು ಸಿಗುತ್ತದೆ?